ಕಾರ್ಟೂನ್ ಸಿನಿಮಾದ ವಾಲ್ಟ್ ಡಿಸ್ನಿ

ಶನಿವಾರ ತರಗತಿ ಮುಗಿದ ಮೇಲೆ ನಮ್ಮ ಮೇಷ್ಟ್ರು ಶಾಲೆಯ ಟಿ.ವಿ.ಯಲ್ಲಿ ಸ್ನೋ ವೈಟ್, ಬ್ಯಾಂಬಿ, ಜಂಗಲ್ ಬುಕ್ ಎಂಬ ಮೂರು ಕಾರ್ಟೂನ್ ಸಿನಿಮಾ ತೋರಿಸಿದ್ದು ನಿಮಗೆ ನೆನಪಿದೆ ತಾನೇ? ಯಾವುದರ ಕಥೆ ಚೆನ್ನಾಗಿದೆ ಅಂತ ನಮ್ಮಲ್ಲಿ ದೊಡ್ಡ ಜಗಳ ಆಯಿತು. ಮೂರನ್ನೂ ಮಾಡಿಸಿದವರು ಒಬ್ಬರೇ. ಅವರ ಜೀವನ ಓದಿ ಬರೆ ಅಂತ ಮೇಷ್ಟ್ರು ನನಗೆ ಹೇಳಿದರು.

ವಾಲ್ಟ್ ಡಿಸ್ನಿಯವರು 1901ನೇ ಇಸವಿ ಡಿಸೆಂಬರ್ 5ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಜನಿಸಿದರು. ತಂದೆ ಎಲಿಯಾಸ್, ತಾಯಿ ಫ್ಲೋರಾ. ಚಿಕ್ಕವರಿದ್ದಾಗ ಮಾರ್ಸೆಲಿನ್ ಎಂಬ ಊರಿನಲ್ಲಿ ಅವರಿಗೆ ಹೊಲವಿತ್ತು. ಅಲ್ಲೇ ಪ್ರಾಣಿಗಳ ಚಿತ್ರ ಬರೆಯೋದು ಶುರು ಮಾಡಿದರು. ಆಮೇಲೆ ಹೊಲ ಮಾರಿ ಕಾನ್ಸಾಸ್ ಸಿಟಿಗೆ ಹೋದರು. ಅಲ್ಲಿ ವಾಲ್ಟ್ ನಸುಕಿನಲ್ಲೇ ಎದ್ದು ಹಿಮದಲ್ಲಿ ಮನೆಮನೆಗೆ ಪೇಪರ್ ಹಾಕಿ ಶಾಲೆಗೆ ಹೋಗಬೇಕಿತ್ತು. ತರಗತಿಯಲ್ಲಿ ನಿದ್ದೆ ಬರುತ್ತಿತ್ತಂತೆ. ಡೈರಿಗೆ ಹಾಲು ಹಾಕಿ ಬರುವ ನಮ್ಮ ಹುಡುಗರಿಗೆ ಇದು ಅರ್ಥವಾಗುತ್ತೆ.

ಅವರು ಮಾಡಿದ ಒಂದು ಕಂಪನಿ ದಿವಾಳಿಯಾಯಿತು. 1923ರಲ್ಲಿ ಹಾಲಿವುಡ್‌ಗೆ ಹೋಗಿ ಅಣ್ಣ ರಾಯ್ ಜೊತೆ ಸೇರಿ ಮತ್ತೆ ಕೆಲಸ ಹೂಡಿದರು. ಓಸ್ವಾಲ್ಡ್ ಎಂಬ ಮೊಲದ ಪಾತ್ರ ಮಾಡಿದರೆ ಅದರ ಹಕ್ಕು ಬೇರೆಯವರ ಪಾಲಾಯಿತು. ಆಗ ಹುಟ್ಟಿದ್ದೇ ಮಿಕ್ಕಿ ಮೌಸ್, 1928ರಲ್ಲಿ. ಅದನ್ನು ಬರೆದ ಕೈ ಅವರ ಸ್ನೇಹಿತ ಅಬ್ ಐವರ್ಕ್ಸ್ ಅವರದು, ಆದರೆ ಹೆಸರು ಬಂದಿದ್ದು ಡಿಸ್ನಿಯವರಿಗೆ.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವೆ. ದೊಡ್ಡಬಳ್ಳಾಪುರದ ಮಗ್ಗದಲ್ಲಿ ಎಳೆ ಎಳೆ ಸೇರಿ ಸೀರೆ ಆಗುವ ಹಾಗೆ ಚಿತ್ರ ಚಿತ್ರ ಸೇರಿ ಕಥೆ ಆಗಬೇಕು. 1934ರಲ್ಲಿ ಒಂದು ಸಂಜೆ ಡಿಸ್ನಿಯವರು ಕೆಲಸಗಾರರನ್ನೆಲ್ಲಾ ಕೂರಿಸಿ ಸ್ನೋ ವೈಟ್ ಕಥೆಯನ್ನು ತಾವೇ ರಾಣಿಯಾಗಿ, ತಾವೇ ಕುಳ್ಳರಾಗಿ ಅಭಿನಯಿಸಿ ಹೇಳಿದರು. 1937ರಲ್ಲಿ ಸಿನಿಮಾ ಬಂತು. ಏಳು ಕುಳ್ಳರಿಗೂ ಬೇರೆ ಬೇರೆ ಗುಣ ಇದೆ, ಮಾತೇ ಆಡದ ಡೋಪಿ ಕೂಡಾ ಮರೆಯೋದಿಲ್ಲ. ಆದರೆ ರಾಜಕುಮಾರ ಸುಮ್ಮನೆ ಬಂದು ಹೋಗುತ್ತಾನೆ. ಅವನನ್ನು ಚೆನ್ನಾಗಿ ಬರೆಯೋದು ಕಷ್ಟವಾಗಿ ಪಾತ್ರವನ್ನೇ ಚಿಕ್ಕದು ಮಾಡಿದರಂತೆ. ಸ್ನೋ ವೈಟ್ ಕೂಡಾ ಕಸ ಗುಡಿಸಿ, ಹಾಡಿ, ಮಲಗಿಬಿಡುತ್ತಾಳೆ. ಹುಡುಗಿಯರು ಬೇಜಾರು ಮಾಡಿಕೊಂಡಿದ್ದು ಸರಿಯೇ.

1938ರಲ್ಲಿ ಡಿಸ್ನಿಯವರಿಗೆ ದೊಡ್ಡ ದುಃಖ ಆಯಿತು. ಗಂಡುಮಕ್ಕಳು ತಂದೆ ತಾಯಿಗೆ ಹೊಸ ಮನೆ ಕೊಡಿಸಿದ್ದರು. ಆ ಮನೆಯಲ್ಲಿ ಚಳಿಗೆ ಬೆಚ್ಚಗಿಡುವ ಒಲೆ ಕೆಟ್ಟು ವಿಷದ ಗಾಳಿ ತುಂಬಿ ತಾಯಿ ಫ್ಲೋರಾ ತೀರಿಕೊಂಡರು. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ.

ಬ್ಯಾಂಬಿ ಬಂದಿದ್ದು 1942ರಲ್ಲಿ. ಅದರಲ್ಲಿ ಜಿಂಕೆಮರಿಯ ಅಮ್ಮನನ್ನು ಬೇಟೆಗಾರರು ಕೊಲ್ಲುತ್ತಾರೆ. ಬೇಟೆಗಾರನನ್ನೂ ತೋರಿಸೋದಿಲ್ಲ, ರಕ್ತವನ್ನೂ ತೋರಿಸೋದಿಲ್ಲ. ಗುಂಡಿನ ಶಬ್ದ ಅಷ್ಟೇ. ಆಮೇಲೆ ಹಿಮ ಬೀಳುತ್ತೆ, ಮರಿ ಕೂಗುತ್ತಾ ಹುಡುಕುತ್ತೆ. ಅವತ್ತು ನನ್ನ ಜೊತೆ ಬಂದಿದ್ದ ನನ್ನ ತಮ್ಮ ಜೋರಾಗಿ ಅತ್ತುಬಿಟ್ಟ. ನಮ್ಮಮ್ಮ ಬೆಳಿಗ್ಗೆ ಕತ್ತಲಲ್ಲೇ ಗಾರ್ಮೆಂಟ್ಸ್ ಕೆಲಸಕ್ಕೆ ವ್ಯಾನ್ ಹತ್ತುತ್ತಾರೆ. ಸೋಮವಾರ ಅವನು ಅಮ್ಮನ ಚಪ್ಪಲಿ ಬಚ್ಚಿಟ್ಟು ಕೊಡಲೇ ಇಲ್ಲ. ಅಮ್ಮ ಬರಿಗಾಲಲ್ಲೇ ಓಡಿದರು.

ಡಿಸ್ನಿಯವರ ಮಗಳು ಡಯಾನ್ ಕೂಡಾ ಅಮ್ಮನನ್ನು ಯಾಕೆ ಸಾಯಿಸಿದ್ದು ಅಂತ ಅಪ್ಪನನ್ನೇ ಕೇಳಿದಳಂತೆ. ಪುಸ್ತಕದಲ್ಲಿ ಹಾಗೇ ಇತ್ತು ಅಂತ ಅವರು ಹೇಳಿದರೆ, ಬೇರೆ ಕಥೆಗಳನ್ನು ಬದಲಾಯಿಸಿದವರಿಗೆ ಇದನ್ನು ಬದಲಾಯಿಸೋಕೆ ಆಗಲಿಲ್ವಾ ಅಂತ ಅವಳು ಬಿಡಲಿಲ್ಲವಂತೆ. ನಮ್ಮ ಪುಣ್ಯಕೋಟಿ ಕಥೆಯಲ್ಲಿ ತಾಯಿ ಹುಲಿ ಹತ್ತಿರ ಹೋದರೂ ಉಳಿಯುತ್ತಾಳೆ. ಆ ಕಥೆಯನ್ನೂ 2020ರಲ್ಲಿ ಬೆಂಗಳೂರಿನವರು ಸಂಸ್ಕೃತದಲ್ಲಿ ಕಾರ್ಟೂನ್ ಸಿನಿಮಾ ಮಾಡಿದ್ದಾರಂತೆ, ನಾನು ನೋಡಿಲ್ಲ. ಆದರೂ ನನಗೆ ಬ್ಯಾಂಬಿಯೇ ಹೆಚ್ಚು. ಒಂದೇ ತಪ್ಪು: ಅಮ್ಮ ಸತ್ತ ಕೂಡಲೇ ವಸಂತ ಬಂದು ಹಕ್ಕಿಗಳು ಹಾಡಿಬಿಡುತ್ತವೆ. ಮರಿ ಅಷ್ಟು ಬೇಗ ಮರೆಯುತ್ತಾ?

1941ರಲ್ಲಿ ಡಿಸ್ನಿಯವರ ಕೆಲಸಗಾರರೇ ಸಂಬಳಕ್ಕಾಗಿ, ತೆರೆ ಮೇಲೆ ತಮ್ಮ ಹೆಸರು ಬರಲಿ ಅಂತ ಮುಷ್ಕರ ಹೂಡಿದರು. ಅವರು ತುಂಬಾ ಸಿಟ್ಟಾದರು. ಇದನ್ನು ಅಮ್ಮನಿಗೆ ಹೇಳಿದೆ, ಅಮ್ಮ ಕೆಲಸಗಾರರ ಕಡೆ.

ಜಂಗಲ್ ಬುಕ್‌ಗೆ ಕಿಪ್ಲಿಂಗ್ ಪುಸ್ತಕದ ಹಾಗೇ ಗಂಭೀರವಾಗಿ ಬರೆದಿದ್ದ ಕಥೆ ಅವರಿಗೆ ಹಿಡಿಸಲಿಲ್ಲ. ಹಾಡು, ನಗು ಹೆಚ್ಚಿಸಿದರು. ಭಲೂ ಕರಡಿ ಬಂದಾಗ ನಾವೆಲ್ಲಾ ಕುಣಿದೆವು. ಆದರೆ ಪುಸ್ತಕದಲ್ಲಿ ಮೋಗ್ಲಿಗೆ ಸ್ನೇಹಿತನಾದ ಕಾ ಹಾವನ್ನು ಸಿನಿಮಾದಲ್ಲಿ ಕೆಟ್ಟವನಾಗಿ ಮಾಡಿದ್ದಾರೆ. ಕೋತಿಗಳ ರಾಜ ಒರಾಂಗುಟಾನ್ ಅಂತೆ! ಅದು ಇರೋದು ಬೋರ್ನಿಯೋ, ಸುಮಾತ್ರಾ ಕಾಡಿನಲ್ಲಿ, ನಮ್ಮ ದೇಶದ ಕಾಡಿನಲ್ಲಿ ಅಲ್ಲ.

ಆ ಸಿನಿಮಾ 1967ರಲ್ಲಿ ಬಿಡುಗಡೆಯಾಯಿತು. ಡಿಸ್ನಿಯವರು ಅದನ್ನು ನೋಡಲಿಲ್ಲ. ತುಂಬಾ ಸಿಗರೇಟು ಸೇದುತ್ತಿದ್ದ ಅವರು 1966ರ ಡಿಸೆಂಬರ್ 15ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 65 ವರ್ಷ.

ನನ್ನ ತಮ್ಮ ಮಾತ್ರ ಇನ್ನೂ ರಾತ್ರಿ ಮಲಗುವಾಗ ಪುಣ್ಯಕೋಟಿ ಕಥೆಯನ್ನೇ ಹೇಳು ಅಂತ ಅಮ್ಮನನ್ನು ಪೀಡಿಸುತ್ತಾನೆ.