ಸರ್ ಸಿ.ವಿ. ರಾಮನ್ – ಜೀವನ ಪರಿಚಯ

ಕುಲುಮೆಯಲ್ಲಾಗಲೀ ಎಂಜಿನ್ನಿನ ಸಿಲಿಂಡರಿನಲ್ಲಾಗಲೀ ಉರಿಯುತ್ತಿರುವ ಅನಿಲದ ಉಷ್ಣತೆ ಮತ್ತು ಅದರ ಘಟಕಗಳ ಪ್ರಮಾಣವನ್ನು, ಒಳಗೆ ಯಾವ ಉಪಕರಣವನ್ನೂ ಇಳಿಸದೆ, ಲೇಸರ್ ಬೆಳಕಿನಿಂದಲೇ ಅಳೆಯುವ ವಿಧಾನಗಳು ಬಳಕೆಯಲ್ಲಿವೆ. ಇವುಗಳಲ್ಲಿ ಪ್ರಮುಖವಾದುದೊಂದಕ್ಕೆ ಆಧಾರವಾದ ತತ್ವವನ್ನು ಕಂಡುಹಿಡಿದವರು ಸರ್ ಚಂದ್ರಶೇಖರ ವೆಂಕಟ ರಾಮನ್. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಪದವಿ ಪಡೆದು, 1907ರಲ್ಲಿ ಸರ್ಕಾರದ ಹಣಕಾಸು ಸೇವೆಗೆ ಆಯ್ಕೆಯಾಗಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಸೇರಿದರು. ಕಚೇರಿಗೆ ಹೋಗುವ ಮುನ್ನ ಬೆಳಗಿನ ಜಾವದಲ್ಲಿ, ಕಚೇರಿ ಮುಗಿದ ಬಳಿಕ ಸಂಜೆ ಹಾಗೂ ರಾತ್ರಿಯಲ್ಲಿ, ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಪ್ರಯೋಗ ನಡೆಸುತ್ತಿದ್ದರು. ಹತ್ತು ವರ್ಷಗಳ ಸೇವೆಯ ನಂತರ, 1917ರಲ್ಲಿ, ಭದ್ರವಾದ ಹುದ್ದೆಯನ್ನು ಬಿಟ್ಟು ಅದಕ್ಕಿಂತ ಕಡಿಮೆ ವೇತನದ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು.

1921ರ ಹಡಗುಯಾನದಲ್ಲಿ ಕಂಡ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಬಣ್ಣವು ಬೆಳಕಿನ ಚದುರುವಿಕೆಯ ಕಡೆಗೆ ಅವರ ಗಮನ ಸೆಳೆಯಿತು. ಕೆ.ಎಸ್. ಕೃಷ್ಣನ್ ಅವರೊಡನೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿ, 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಸ್ಪಷ್ಟವಾಗಿ ಗುರುತಿಸಿದರು. 1930ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಲಭಿಸಿತು.

ಒಂದೇ ಬಣ್ಣದ ಬೆಳಕು ಅಣುಗಳಿಗೆ ತಾಗಿ ಚದುರಿದಾಗ ಅದರ ಅತ್ಯಲ್ಪ ಭಾಗದ ಬಣ್ಣ ಬದಲಾಗುತ್ತದೆ. ಅಣುವಿಗೆ ಶಕ್ತಿ ಕೊಟ್ಟ ಬೆಳಕು ಕೆಂಪಿನ ಕಡೆಗೆ, ಅಣುವಿನಿಂದ ಶಕ್ತಿ ಪಡೆದ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ. ಲೆಕ್ಕಪತ್ರದ ಅಧಿಕಾರಿಯಾಗಿದ್ದವರ ಆವಿಷ್ಕಾರವೂ ಒಂದು ಬಗೆಯ ಜಮಾ-ಖರ್ಚೇ ಆಗಿರುವುದು ಸ್ವಾರಸ್ಯಕರ. ಬಣ್ಣ ಎಷ್ಟು ಸರಿಯಿತು ಎಂಬುದು ಪ್ರತಿ ಅನಿಲಕ್ಕೂ ಬೇರೆಯಾಗಿರುವುದರಿಂದ ಅನಿಲ ಯಾವುದೆಂದು ತಿಳಿಯುತ್ತದೆ. ಆ ಬೆಳಕಿನ ತೀವ್ರತೆಯಿಂದ ಪ್ರಮಾಣ ತಿಳಿಯುತ್ತದೆ. ಅನಿಲ ಬಿಸಿಯಾದಷ್ಟೂ ಶಕ್ತಿ ಕೊಡಬಲ್ಲ ಅಣುಗಳು ಹೆಚ್ಚುವುದರಿಂದ, ನೀಲಿಗೂ ಕೆಂಪಿಗೂ ಇರುವ ಅನುಪಾತವೇ ಉಷ್ಣತೆಯ ಅಳತೆಯಾಗುತ್ತದೆ. ಗಾಳಿಯ ಸುಮಾರು ಶೇ. 78ರಷ್ಟಿರುವ ಸಾರಜನಕವನ್ನು ಜ್ವಾಲೆಗಳಲ್ಲಿ ಹೀಗೆ ಉಷ್ಣಮಾಪಕವಾಗಿ ಬಳಸಲಾಗುತ್ತದೆ. ಜ್ವಾಲೆಗೆ ಲೋಹದ ತಂತಿಯನ್ನು ಒಡ್ಡಿದರೆ ಅದು ಜ್ವಾಲೆಯನ್ನೇ ಕದಡುತ್ತದೆ; ಬೆಳಕಿನಿಂದ ಈ ತೊಂದರೆಯಿಲ್ಲ.

ಆದರೆ ರಾಮನ್ ಅವರ ಕಾಲದಲ್ಲಿ ಇದು ಸುಲಭವಾಗಿರಲಿಲ್ಲ. ಅನಿಲದಲ್ಲಿ ಅಣುಗಳು ವಿರಳವಾಗಿರುವುದರಿಂದ ಚದುರಿದ ಬೆಳಕು ತೀರ ಮಂದವಾಗಿರುತ್ತದೆ. ಪಾದರಸದ ದೀಪವನ್ನು ಬಳಸಿ ಛಾಯಾಫಲಕದ ಮೇಲೆ ಅದನ್ನು ದೀರ್ಘಕಾಲ ದಾಖಲಿಸಬೇಕಾಗುತ್ತಿತ್ತು. 1960ರಲ್ಲಿ ಮೊದಲ ಲೇಸರ್ ಬೆಳಗಿದ ನಂತರವೇ ಈ ಕೊರತೆ ನೀಗುತ್ತಾ ಬಂದಿತು. ವಾತಾವರಣದ ನೀರಾವಿ ಮತ್ತು ಉಷ್ಣತೆಯನ್ನು ನೆಲದಿಂದಲೇ ಅಳೆಯುವ ರಾಮನ್ ಲೈಡಾರ್ ಉಪಕರಣವೂ ಇದೇ ತತ್ವದ್ದು.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆಡಳಿತದಲ್ಲಿ ತಲೆದೋರಿದ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ಆ ಹುದ್ದೆಯನ್ನು ತೊರೆದು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು. ಬಳಿಕ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೊನೆಯವರೆಗೂ ದುಡಿದರು. 1954ರಲ್ಲಿ ಭಾರತ ರತ್ನ ಪ್ರಶಸ್ತಿಗೆ ಪಾತ್ರರಾದರು. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಕ್ರಿಯೆಯನ್ನು ಸಂಸ್ಥೆಯ ಆವರಣದಲ್ಲಿಯೇ ನೆರವೇರಿಸಲಾಯಿತು.