ಮರಳಿನ ಮೇಲೆ ಮನೆ ಓಡಿಸಿದ ಬ್ಯಾಗ್ನೋಲ್ಡ್

ಹಳೇ ಲಾರಿ ತಗೊಂಡು, ಅದನ್ನೇ ಮನೆ ಮಾಡ್ಕೊಂಡು ದೇಶ ಸುತ್ತೋರ ವಿಡಿಯೊ ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಇಲ್ಲ. ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಅಂಥದ್ದೇ ಒಂದು ಪ್ಲಾನ್ ಹಾಕಿದ್ವಿ. ಲಾರಿ ಇಲ್ಲ, ದುಡ್ಡೂ ಇಲ್ಲ, ಇರೋದು ಒಂದು ಎಕ್ಸೆಲ್ ಶೀಟ್ ಮಾತ್ರ. ಮಂಚ, ಸಿಂಕು, ಶವರ್, ಫ್ರಿಜ್, ಸೋಲಾರ್ ಪ್ಯಾನೆಲ್, ಬ್ಯಾಟರಿ ಅಂತ ಸೇರಿಸ್ತಾ ಹೋಗಿ ಕೊನೆಗೆ ತೂಕದ ಕಾಲಂ ಕೂಡಿಸಿದ್ರೆ, ಆ ಲಾರಿ ಹೊರಬಹುದಾದ ಭಾರವನ್ನೇ ದಾಟಿಬಿಟ್ಟಿತ್ತು. ಅದೂ ನಾವು ನಾಲ್ಕು ಜನ ಹತ್ತೋದಕ್ಕೆ ಮುಂಚೆ. ಹಿಂದಿನವರು ಇದನ್ನ ಹೇಗೆ ಮಾಡಿದ್ರು ಅಂತ ಹುಡುಕುವಾಗ ಸಿಕ್ಕವರು ರಾಲ್ಫ್ ಬ್ಯಾಗ್ನೋಲ್ಡ್. ಅವರ ಗಾಡಿಯಲ್ಲಿ ಮಂಚ ಇರಲಿಲ್ಲ. ಮೇಲ್ಛಾವಣಿಯೂ ಇರಲಿಲ್ಲ.

ಬ್ಯಾಗ್ನೋಲ್ಡ್ ಹುಟ್ಟಿದ್ದು 1896ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ. ಅಪ್ಪ ಸೈನ್ಯದಲ್ಲಿ ಎಂಜಿನಿಯರ್. ಅಕ್ಕ ಈನಿಡ್ ಮುಂದೆ ಹೆಸರಾಂತ ಲೇಖಕಿ ಆದರು. ಇವರು 1915ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳನ್ನು ಕಂಡು ಬಂದರು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ನಲ್ಲಿ ಎಂಜಿನಿಯರಿಂಗ್ ಓದಿದರು. ಅಂದ್ರೆ ನಮ್ಮ ವಯಸ್ಸಿನಲ್ಲಿ ಅವರು ಯುದ್ಧದಲ್ಲಿದ್ದರು, ಆಮೇಲೆ ಬಂದು ಕ್ಲಾಸಿನಲ್ಲಿ ಕೂತರು. ಇಂಟರ್ನಲ್ಸ್‌ಗೇ ಹೆದರೋ ನಮಗೆ ಇದನ್ನ ಊಹಿಸೋದೂ ಕಷ್ಟ.

1920ರ ದಶಕದ ನಡುವೆ ಸೈನ್ಯ ಅವರನ್ನು ಈಜಿಪ್ಟಿಗೆ ಕಳಿಸಿತು. ಕೈರೋದಲ್ಲಿದ್ದ ಬ್ರಿಟಿಷ್ ಆಫೀಸರುಗಳಿಗೆ ಬಿಡುವಿನಲ್ಲಿ ಪೋಲೋ, ಕ್ಲಬ್ಬು. ಬ್ಯಾಗ್ನೋಲ್ಡ್ ಮತ್ತು ಕೆಲವು ಗೆಳೆಯರಿಗೆ ಮಾತ್ರ ಮರಳುಗಾಡಿನ ಹುಚ್ಚು. ಫೋರ್ಡ್ ಮಾಡೆಲ್ ಟಿ ಕಾರು ತಗೊಂಡು ಸಿನಾಯ್, ಸೀವಾ ಕಡೆಗೆಲ್ಲ ಹೋಗಿ ಬಂದರು. ಆಮೇಲೆ ಭಾರತದ ವಾಯವ್ಯ ಗಡಿಗೆ ವರ್ಗವಾಯ್ತು. ಆದರೂ ಹುಚ್ಚು ಬಿಡಲಿಲ್ಲ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ವಾಪಸ್ ಈಜಿಪ್ಟಿಗೆ ಬಂದು, 1929 ಮತ್ತು 1930ರಲ್ಲಿ ಲಿಬಿಯಾ ಮರುಭೂಮಿಯೊಳಗೆ ನುಗ್ಗಿದರು.

ಅಲ್ಲಿ ಗ್ರೇಟ್ ಸ್ಯಾಂಡ್ ಸೀ ಅಂತ ಒಂದು ಜಾಗ ಇದೆ. ಹೆಸರೇ ಹೇಳೋ ಹಾಗೆ ಮರಳಿನ ಸಮುದ್ರ. ನೂರಾರು ಕಿಲೋಮೀಟರ್ ಬರೀ ದಿಬ್ಬಗಳು, ಒಂದು ಹನಿ ನೀರಿಲ್ಲ. ಮೋಟಾರು ಗಾಡಿ ಇದನ್ನ ದಾಟೋದಿಲ್ಲ ಅಂತಲೇ ಎಲ್ಲರೂ ನಂಬಿದ್ದರು. ಗಾಡಿ ಕೆಟ್ಟರೆ ನಡೆದು ವಾಪಸ್ ಬರೋ ದೂರ ಅಲ್ಲ ಅದು. ಹುಡುಕಿಕೊಂಡು ಬರೋಕೆ ಹೆಲಿಕಾಪ್ಟರೂ ಇಲ್ಲ, ಫೋನೂ ಇಲ್ಲ. ಹಾಗಾಗಿ ಗಾಡಿಯಲ್ಲಿ ಏನು ಇರಬೇಕು, ಏನು ಇರಬಾರದು ಅನ್ನೋದು ಜೀವದ ಪ್ರಶ್ನೆ.

ಬ್ಯಾಗ್ನೋಲ್ಡ್ ಮೊದಲು ಸ್ಪ್ಯಾನರ್ ಹಿಡಿದು ಕಿತ್ತುಹಾಕೋಕೆ ಶುರು ಮಾಡಿದರು. ಕಂಪನಿ ಕೊಟ್ಟ ಬಾಡಿ ಹೋಯ್ತು, ಅದರ ಜಾಗಕ್ಕೆ ಮರದ ಪೆಟ್ಟಿಗೆಯಂಥ ಹಗುರ ಬಾಡಿ ಬಂತು. ಕಳೆದ ಪ್ರತಿ ಕಿಲೋ ತೂಕಕ್ಕೆ ಅಷ್ಟು ನೀರು, ಅಷ್ಟು ಪೆಟ್ರೋಲ್ ಹಾಕ್ಕೋಬಹುದು. ನಮ್ಮ ಶೀಟಿನಲ್ಲಿ ನಾವು ಕೂಡಿಸ್ತಾ ಹೋದ್ವಿ, ಅವರು ಕಳೀತಾ ಹೋದರು.

ಆದ್ರೆ ನಮಗೆ ತುಂಬಾ ಇಷ್ಟವಾಗಿದ್ದು ರೇಡಿಯೇಟರ್ ಕಥೆ. ಆ ಕಾಲದ ರೇಡಿಯೇಟರ್‌ನಲ್ಲಿ ನೀರು ಕುದಿದರೆ ಹಬೆ ಓವರ್‌ಫ್ಲೋ ಪೈಪಿನಿಂದ ಆಚೆ ಹೋಗಿ ಗಾಳಿಗೆ ಸೇರ್ತಿತ್ತು. ಕುಡಿಯೋ ನೀರನ್ನೇ ಎಂಜಿನ್ನಿಗೂ ಹಾಕಬೇಕಾದ ಜಾಗದಲ್ಲಿ ಇದು ಮಹಾ ದಂಡ. ಬ್ಯಾಗ್ನೋಲ್ಡ್ ಏನು ಮಾಡಿದರು ಗೊತ್ತಾ? ರೇಡಿಯೇಟರಿನ ಮುಚ್ಚಳ ಭದ್ರ ಮಾಡಿ, ಓವರ್‌ಫ್ಲೋ ಪೈಪನ್ನು ಗಾಡಿಯ ಪಕ್ಕಕ್ಕೆ ಕಟ್ಟಿದ ಒಂದು ಡಬ್ಬಕ್ಕೆ ಇಳಿಬಿಟ್ಟರು. ಡಬ್ಬದಲ್ಲಿ ಅರ್ಧ ನೀರು. ಹಬೆ ಬಂದು ಆ ನೀರಿನಲ್ಲಿ ತಣಿದು ನೀರಾಗತ್ತೆ. ಡಬ್ಬವೂ ಕುದಿಯೋಕೆ ಶುರುವಾದರೆ ಗಾಡಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸಬೇಕು. ರೇಡಿಯೇಟರ್ ತಣ್ಣಗಾದಾಗ ಒಳಗೆ ನಿರ್ವಾತ ಉಂಟಾಗಿ, ಗೊಳಗೊಳ ಅಂತ ಸದ್ದು ಮಾಡ್ತಾ ಡಬ್ಬದ ನೀರೆಲ್ಲ ತಾನಾಗೇ ವಾಪಸ್ ಒಳಗೆ ಹೋಗತ್ತೆ. ಪಂಪ್ ಇಲ್ಲ, ವಾಲ್ವ್ ಇಲ್ಲ. ಥರ್ಮೊಡೈನಮಿಕ್ಸ್ ಪೇಪರಿನಲ್ಲಿ ಕಂಡೆನ್ಸರ್ ಬಗ್ಗೆ ಎರಡು ಪುಟ ಬರೆದಿದ್ದೀವಿ ನಾವು, ಒಂದು ಡಬ್ಬ ಕೂಡ ಕಟ್ಟಿಲ್ಲ.

ದಿಕ್ಕಿನದ್ದು ಇನ್ನೊಂದು ಸಮಸ್ಯೆ. ಕಬ್ಬಿಣದ ಗಾಡಿಯೊಳಗೆ ಕಾಂತದ ದಿಕ್ಸೂಚಿ ಸುಳ್ಳು ಹೇಳತ್ತೆ, ಪ್ರತಿ ಸಲ ಇಳಿದು ದೂರ ಹೋಗಿ ನೋಡಬೇಕು. ಬ್ಯಾಗ್ನೋಲ್ಡ್ ತಮ್ಮದೇ ಒಂದು ಸೂರ್ಯ ದಿಕ್ಸೂಚಿ ರೂಪಿಸಿದರು. 360 ಡಿಗ್ರಿ ಗುರುತು ಮಾಡಿದ ತಟ್ಟೆ, ನಡುವೆ ನೆಟ್ಟಗೆ ಒಂದು ಸೂಜಿ. ಸೂಜಿಯ ನೆರಳು ತಟ್ಟೆಯ ಮೇಲೆ ಎಲ್ಲಿ ಬೀಳತ್ತೆ ಅಂತ ನೋಡ್ಕೊಂಡು, ಹೊತ್ತು ಸರಿದ ಹಾಗೆ ತಟ್ಟೆ ತಿರುಗಿಸ್ತಾ ಗಾಡಿ ನಿಲ್ಲಿಸದೇ ಹೋಗಬಹುದು. ಓಡಿದ ಮೈಲಿ ಮೀಟರಿನಲ್ಲಿ ಸಿಗತ್ತೆ. ರಾತ್ರಿ ಥಿಯೊಡೊಲೈಟ್‌ನಿಂದ ನಕ್ಷತ್ರ ನೋಡಿ ನಿಂತ ಜಾಗ ಖಚಿತ ಮಾಡ್ಕೊಳ್ಳೋದು. ನಮ್ಮ ಸಿವಿಲ್ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು.

ಚಕ್ರ ಹೂತರೆ? ಕೈರೋದ ಗುಜರಿ ಅಂಗಡಿಯಲ್ಲಿ ಅವರಿಗೆ ಉಕ್ಕಿನ ತಗಡಿನ ದೋಣಿಗಳು ಸಿಕ್ಕವು. ಮೊದಲ ಮಹಾಯುದ್ಧದಲ್ಲಿ ಸೈನಿಕರ ನೆಲಗುಂಡಿಗಳಿಗೆ ಸೂರು ಹಾಕೋಕೆ ಮಾಡಿದ್ದವು. ಅದನ್ನ ಚಕ್ರದ ಮುಂದೆ ತುರುಕಿದರೆ ಗಾಡಿ ಮೇಲೇಳತ್ತೆ. ಈಗಿನ ಸಾಹಸದ ಗಾಡಿಗಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಲಗೆ ನೇತಾಡ್ತಿರತ್ತಲ್ಲ, ಅದರ ತಾತ ಇದು. ಟೈರಿನ ಗಾಳಿ ಇಳಿಸಿದರೆ ಮರಳಿನ ಮೇಲೆ ಭಾರ ಹರಡತ್ತೆ ಅನ್ನೋದನ್ನೂ ಇವರೆಲ್ಲ ಓಡಿಸ್ತಾನೇ ಕಲಿತರು. 1930ರಲ್ಲಿ ಒಂದು ದೊಡ್ಡ ದಿಬ್ಬದ ಮುಂದೆ ಬ್ಯಾಗ್ನೋಲ್ಡ್ ಗಂಟೆಗೆ 40 ಮೈಲಿ ವೇಗದಲ್ಲಿ ನೇರ ನುಗ್ಗಿದರು. ಗಾಡಿ ಹೂತುಹೋಗಲಿಲ್ಲ, ಹತ್ತಿಬಿಟ್ಟಿತು. ಮರಳಿನ ಸಮುದ್ರದ ಬಾಗಿಲು ತೆರೀತು.

1935ರಲ್ಲಿ ಆರೋಗ್ಯ ಕೆಟ್ಟು ಸೈನ್ಯ ಬಿಟ್ಟರು. ಬೇರೆಯವರಾದರೆ ಅಲ್ಲಿಗೆ ಕಥೆ ಮುಗೀತಿತ್ತು. ಇವರಿಗೆ ಒಂದು ಪ್ರಶ್ನೆ ತಲೆಯಲ್ಲಿ ಉಳಿದಿತ್ತು: ಮರಳು ಯಾಕೆ ಚೆಲ್ಲಾಪಿಲ್ಲಿ ಆಗದೇ ಇಷ್ಟು ಅಚ್ಚುಕಟ್ಟಾದ ದಿಬ್ಬ ಆಗತ್ತೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ಲೈವುಡ್ಡು, ಗಾಜು ಹಾಕಿ ತಾವೇ ಒಂದು ವಿಂಡ್ ಟನೆಲ್ ಕಟ್ಟಿ, ಮರಳಿನ ಕಣಗಳು ಗಾಳಿಯಲ್ಲಿ ಕುಪ್ಪಳಿಸಿಕೊಂಡು ಹೋಗೋದನ್ನ ಅಳೆದರು. ಕುಪ್ಪಳಿಸೋ ಕಣಗಳು ತಿರುಗಿ ಗಾಳಿಯನ್ನೇ ತಡೆದು ನಿಧಾನ ಮಾಡ್ತವೆ ಅಂತಲೂ ತೋರಿಸಿದರು. ಬೀಸುವ ಮರಳಿನ ಭೌತಶಾಸ್ತ್ರದ ಬಗ್ಗೆ ಅವರು ಬರೆದ ಪುಸ್ತಕ 1941ರಲ್ಲಿ ಬಂತು. ಈ ಕೆಲಸಕ್ಕೆ 1944ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಈ ನಡುವೆ ಎರಡನೇ ಮಹಾಯುದ್ಧ ಬಂತು. 1939ರಲ್ಲಿ ಅವರನ್ನು ವಾಪಸ್ ಕರೆಸಿ ಕೀನ್ಯಾಗೆ ಹಡಗು ಹತ್ತಿಸಿದರು. ಆ ಹಡಗು ಮೆಡಿಟರೇನಿಯನ್‌ನಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು, ರಿಪೇರಿಗೆ ಈಜಿಪ್ಟಿನ ಪೋರ್ಟ್ ಸೈದ್‌ಗೆ ಬಂತು. ಬ್ಯಾಗ್ನೋಲ್ಡ್ ರೈಲು ಹತ್ತಿ ಕೈರೋದಲ್ಲಿದ್ದ ಗೆಳೆಯರನ್ನು ನೋಡೋಕೆ ಹೋದರು, ಅಲ್ಲೇ ಉಳಿಸಿಕೊಂಡರು. ಡಿಕ್ಕಿ ಆಗದಿದ್ದರೆ ಮುಂದಿನದ್ದು ಯಾವುದೂ ಆಗ್ತಿರಲಿಲ್ಲವೇನೋ.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ, ಮರುಭೂಮಿಯ ಒಳದಾರಿಯಲ್ಲಿ ಹೋಗಿ ಶತ್ರುವಿನ ಬೆನ್ನ ಹಿಂದೆ ಕಣ್ಣಿಡೋ ತುಕಡಿ ಬೇಕು ಅಂತ ಅವರು ಜನರಲ್ ವೇವೆಲ್ ಮುಂದೆ ಇಟ್ಟರು. ಒಪ್ಪಿಗೆ ಸಿಕ್ತು, ಟೈಮ್ ಮಾತ್ರ ಆರು ವಾರ. ಅದೇ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್. ಸುಮಾರು ಒಂದೂವರೆ ಟನ್ ಹೊರೋ ಷೆವ್ರೊಲೆ ಟ್ರಕ್ಕುಗಳನ್ನು ಸಿಕ್ಕ ಕಡೆಯಿಂದ ಒಟ್ಟು ಮಾಡಿದರು. ಫೋರ್ ವೀಲ್ ಡ್ರೈವ್ ಕೂಡ ಅಲ್ಲ ಅವು. ಬಾಗಿಲು, ವಿಂಡ್‌ಸ್ಕ್ರೀನ್, ಕ್ಯಾಬಿನ್ ಮೇಲ್ಭಾಗ ಎಲ್ಲ ಕಿತ್ತು, ಸ್ಪ್ರಿಂಗ್ ಪಟ್ಟಿಗಳನ್ನು ಹೆಚ್ಚಿಸಿ, ಹಳೇ ಡಬ್ಬ, ಹಳೇ ತಗಡಿನ ದೋಣಿ, ಸೂರ್ಯ ದಿಕ್ಸೂಚಿ ಎಲ್ಲವನ್ನೂ ಹಾಕಿದರು. ಈ ಸಲ ಜೊತೆಗೆ ಮೆಷಿನ್ ಗನ್ನೂ, ವೈರ್‌ಲೆಸ್ಸೂ ಬಂತು. ನ್ಯೂಜಿಲೆಂಡಿನ ಹುಡುಗರು, ಹೆಚ್ಚಿನವರು ಹೊಲ, ಟ್ರ್ಯಾಕ್ಟರ್ ಕಂಡವರು, ಬೇಗ ಕಲಿತರು. ವಾರಗಟ್ಟಲೆ ಆ ಟ್ರಕ್ಕೇ ಅಡುಗೆಮನೆ, ಉಗ್ರಾಣ, ಕಾರ್ಖಾನೆ. ಮಲಗೋದು ಅದರ ಪಕ್ಕದ ಮರಳಿನ ಮೇಲೆ. ಒಬ್ಬರಿಗೆ ದಿನಕ್ಕೆ ಆರು ಪೈಂಟ್ ನೀರು, ಅಂದ್ರೆ ಸುಮಾರು 3.4 ಲೀಟರ್. ಕಾಲಿಗೆ ಬೂಟಲ್ಲ, ವಾಯವ್ಯ ಗಡಿಯ ಕಡೆಯ ಚಪ್ಪಲಿ! ಬೂಟಿನಲ್ಲಿ ಮರಳು ತುಂಬ್ಕೊಳತ್ತೆ.

ಗಾಡಿ ಹೋದರೆ ಏನಾಗತ್ತೆ ಅನ್ನೋದು 1941ರ ಜನವರಿ ಕೊನೆಯಲ್ಲಿ ಕಂಡಿತು. ಇಟಲಿಯವರ ದಾಳಿಯಲ್ಲಿ ಕೆಲವು ಟ್ರಕ್ಕು ಸುಟ್ಟು, ನಾಲ್ಕು ಜನ ಮರುಭೂಮಿಯಲ್ಲಿ ಉಳಿದರು. ಕೈಯಲ್ಲಿ ಇದ್ದದ್ದು ಗುಂಡು ತೂರಿದ ಒಂದು ಡಬ್ಬದಲ್ಲಿ ಎರಡು ಗ್ಯಾಲನ್‌ಗೂ ಕಡಿಮೆ ನೀರು. ಶರಣಾಗದೆ ದಕ್ಷಿಣಕ್ಕೆ ನಡೆದರು. ಅವರಲ್ಲೊಬ್ಬರು ಹತ್ತು ದಿನದಲ್ಲಿ 210 ಮೈಲಿ ನಡೆದ ಮೇಲೆ ಸಿಕ್ಕರು, ಆಗಲೂ ನಡೀತಾನೇ ಇದ್ದರು. ಇನ್ನೊಬ್ಬರು ಸಿಕ್ಕರೂ ಬದುಕಲಿಲ್ಲ. ರಜೆಯ ಹುಚ್ಚಿಗೆ ಕಂಡುಹಿಡಿದ ಉಪಾಯಗಳು ಯುದ್ಧಕ್ಕೆ ಹೋಗಿದ್ದರ ಬೆಲೆ ಇದು. ನಮ್ಮಲ್ಲಿ ಇದರ ಬಗ್ಗೆ ವಾದ ಆಯ್ತು, ಒಮ್ಮತ ಆಗಲಿಲ್ಲ.

ಅದೇ ವರ್ಷ ಬ್ಯಾಗ್ನೋಲ್ಡ್ ತುಕಡಿಯನ್ನು ಹಳೇ ಗೆಳೆಯ ಪ್ರೆಂಡರ್‌ಗಾಸ್ಟ್‌ಗೆ ಒಪ್ಪಿಸಿದರು. ಯುದ್ಧದ ನಂತರ ಮದುವೆಯಾಗಿ, ನದಿಗಳು ಮರಳು ಹೊರೋದು ಹೇಗೆ ಅಂತ ದಶಕಗಟ್ಟಲೆ ಲೆಕ್ಕ ಹಾಕಿದರು. 1990ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಂಗಳ ಗ್ರಹದ ಗೇಲ್ ಕುಳಿಯಲ್ಲಿ ಕಪ್ಪು ಮರಳಿನ ದಿಬ್ಬಗಳ ಸಾಲೊಂದಿದೆ. ವಿಜ್ಞಾನಿಗಳು ಅದನ್ನ ಬ್ಯಾಗ್ನೋಲ್ಡ್ ಡ್ಯೂನ್ಸ್ ಅಂತ ಕರೀತಾರೆ. 2015ರ ಕೊನೆಗೆ ಕ್ಯೂರಿಯಾಸಿಟಿ ರೋವರ್ ಅಲ್ಲಿಗೆ ಹೋಯ್ತು. ಅದರ ತೂಕ ಸುಮಾರು 900 ಕಿಲೋ, ಆರು ಚಕ್ರ, ಬೇಕಾದ್ದೆಲ್ಲ ಬೆನ್ನ ಮೇಲೆ, ಹೂತರೆ ತಗಡು ತುರುಕೋಕೆ ಯಾರೂ ಇಲ್ಲ. ದಿಬ್ಬದ ಅಂಚಿನಲ್ಲಿ ನಿಂತು ಒಂದು ಚಕ್ರದಿಂದ ಮರಳನ್ನ ಕೆರೆದು, ಒಳಗೇನಿದೆ ಅಂತ ನೋಡಿ, ಹಿಂದಕ್ಕೆ ಸರಿಯಿತು.