ಕನ್ನಡದ ಶಾಸ್ತ್ರಗೌರವವನ್ನು ಸ್ಥಾಪಿಸಿದ ಭಟ್ಟಾಕಳಂಕದೇವರು

ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಇಂದು ಒಂದು ಸಣ್ಣ ಗ್ರಾಮ. ಹಿಂದೆ ಸಂಗೀತಪುರವೆಂಬ ಹೆಸರಿನಿಂದ ಸಾಳುವ ಅರಸರ ರಾಜಧಾನಿಯಾಗಿ, ಜೈನವಿದ್ಯೆಯ ನೆಲೆಯಾಗಿ ಮೆರೆದ ಸ್ಥಳವದು. ಆ ಮಠದ ಅಕಳಂಕದೇವರ ಶಿಷ್ಯರೇ ‘ಕರ್ಣಾಟಕ ಶಬ್ದಾನುಶಾಸನ’ದ ಕರ್ತೃಗಳಾದ ಭಟ್ಟಾಕಳಂಕದೇವರು. ಸಂಸ್ಕೃತ, ಕನ್ನಡಗಳೆರಡರಲ್ಲಿಯೂ ಅವರದು ಸಮಾನ ಪ್ರಭುತ್ವ.

ದೇಶಭಾಷೆಯು ಮನೆಮಾತಿಗೆ ಸಾಕು, ಶಾಸ್ತ್ರಕ್ಕೆ ಸಲ್ಲದು ಎಂಬ ತಾತ್ಸಾರ ಪಂಡಿತವರ್ಗದಲ್ಲಿ ಬೇರೂರಿದ್ದ ಕಾಲವದು. ಭಟ್ಟಾಕಳಂಕರು ಈ ತಾತ್ಸಾರವನ್ನು ಆ ಪಂಡಿತರ ಭಾಷೆಯಲ್ಲಿಯೇ ಎದುರಿಸಿದರು. 1604ರಲ್ಲಿ ಪೂರ್ಣಗೊಂಡ ಅವರ ವ್ಯಾಕರಣವು 592 ಸಂಸ್ಕೃತ ಸೂತ್ರಗಳಲ್ಲಿದೆ. ಅದಕ್ಕೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾವೇ ಸಂಸ್ಕೃತದಲ್ಲಿ ರಚಿಸಿದರು. ಉದಾಹರಣೆಗಳನ್ನು ಮಾತ್ರ ಪಂಪ, ರನ್ನ ಮೊದಲಾದ ಕನ್ನಡ ಕವಿಗಳಿಂದ ಆಯ್ದರು. ಸಂಸ್ಕೃತಕ್ಕೆ ಸಲ್ಲುವ ಶಾಸ್ತ್ರಶಿಸ್ತು ಕನ್ನಡಕ್ಕೂ ಸಲ್ಲುವುದೆಂಬುದು ಹೀಗೆ ಸಿದ್ಧವಾಯಿತು.

ಕನ್ನಡವು ಶಾಸ್ತ್ರಯೋಗ್ಯವಲ್ಲವೆಂಬ ಆಕ್ಷೇಪವನ್ನು ತಮ್ಮ ಕೃತಿಯಲ್ಲಿ ತಾವೇ ಎತ್ತಿ, ಅದಕ್ಕೆ ಅವರು ಉತ್ತರವನ್ನೂ ಇತ್ತಿದ್ದಾರೆ. ವ್ಯಾಕರಣ, ತರ್ಕ, ಪರಮಾಗಮ, ಕಾವ್ಯ, ಅಲಂಕಾರಗಳಲ್ಲಿ ಕನ್ನಡ ಕೃತಿಗಳು ವಿಪುಲವಾಗಿರುವುದನ್ನು ತೋರಿಸಿ, ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ‘ಚೂಡಾಮಣಿ’ಯೆಂಬ 96,000 ಗ್ರಂಥಪ್ರಮಾಣದ ಕನ್ನಡ ವ್ಯಾಖ್ಯಾನವಿರುವುದನ್ನು ನಿದರ್ಶನವಾಗಿ ಮುಂದಿಟ್ಟರು. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿದರೆ, ಅದು ಮೂವತ್ತು ಲಕ್ಷಕ್ಕೂ ಮಿಕ್ಕ ಅಕ್ಷರಗಳ ಮಹಾಕೃತಿ.

ಈ ನಿಲುವು ಜಿನಧರ್ಮದ ಪರಂಪರೆಗೆ ಸಹಜವಾದುದೇ. ಸಮವಸರಣದಲ್ಲಿ ಭಗವಂತನ ದಿವ್ಯಧ್ವನಿಯು ಸಕಲ ಜೀವಿಗಳಿಗೂ ಅವರವರ ಭಾಷೆಯಲ್ಲಿಯೇ ತಿಳಿಯುತ್ತಿತ್ತೆಂಬುದು ನಮ್ಮ ನಂಬುಗೆ. ಆಗಮಗಳನ್ನು ಪ್ರಾಕೃತದಲ್ಲಿ ಉಳಿಸಿದ ಆಚಾರ್ಯರ ಮಾರ್ಗವೂ ಅದೇ.

ಆದರೆ ಆ ‘ಚೂಡಾಮಣಿ’ ಇಂದು ನಮಗೆ ದೊರೆಯದು. ಕನ್ನಡದ ಯೋಗ್ಯತೆಗೆ ಸಾಕ್ಷಿಯಾಗಿ ನಿಂತ ಕೃತಿಯೇ ಕಾಲಗರ್ಭದಲ್ಲಿ ಅಡಗಿತು. ಶಬ್ದಾನುಶಾಸನವಾದರೋ ಪ್ರತಿಕಾರರ ಶ್ರಮದಿಂದ ಉಳಿದು, 1890ರಲ್ಲಿ ಬಿ. ಎಲ್. ರೈಸರ ಸಂಪಾದನೆಯಲ್ಲಿ ಮುದ್ರಣಗೊಂಡಿತು. ನುಡಿಗೆ ಹೊಗಳಿಕೆಯಷ್ಟೇ ಸಾಲದು. ಓದುವವರೂ ಬರೆದಿರಿಸುವವರೂ ಬೇಕೆಂಬುದಕ್ಕೆ ಈ ಎರಡು ಕೃತಿಗಳ ಗತಿಯೇ ಸಾಕ್ಷಿ.

ತುಳುನಾಡಿನ ಶ್ರಾವಕರ ಮನೆಯಲ್ಲಿ ತುಳು, ಪಾಠದಲ್ಲಿ ಕನ್ನಡ, ಪೂಜೆಯಲ್ಲಿ ಸಂಸ್ಕೃತ–ಪ್ರಾಕೃತಗಳು ಒಂದಕ್ಕೊಂದು ಬಾಧಕವಾಗದೆ ನಡೆದುಬಂದಿವೆ. ಮನೆಮಾತನ್ನಾಡಲು ಮಕ್ಕಳು ನಾಚದಂತೆ ಬೆಳೆಸುವುದು, ಕಪಾಟಿನಲ್ಲಿರುವ ತಾಳೆಯೋಲೆಗಳ ಕಟ್ಟನ್ನು ಬಿಚ್ಚಿ ಓದಿಸುವುದು ನಮ್ಮ ಕರ್ತವ್ಯ. ಬಿಂಬಪ್ರತಿಷ್ಠೆಯ ಈ ಶುಭಾವಸರದಲ್ಲಿ ಶ್ರುತಪ್ರತಿಷ್ಠೆಯ ಸಂಕಲ್ಪವೂ ನಮ್ಮಲ್ಲಿ ಮೂಡಲಿ.